ಹೆಲಿಕಾಪ್ಟರ್ ಪೈಲಟ್ ಲೈಸೆನ್ಸ್: ಭಾರತ, ಅಮೆರಿಕ, ಯುರೋಪ್‌ಗಳಲ್ಲಿ ಯಾವ ನಿಯಮದಡಿ ಕಲಿಯಬೇಕು?

ಹೆಲಿಕಾಪ್ಟರ್ ಪೈಲಟ್ ಆಗಬೇಕೆಂದು ಹೊರಟವರು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಯರು, ಬರೆದಿಟ್ಟುಕೊಳ್ಳುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡೇ ಕಾಲಂ ಇರುತ್ತವೆ: ಎಷ್ಟು ಗಂಟೆ ಹಾರಬೇಕು, ಗಂಟೆಗೆ ಎಷ್ಟು ಹಣ. ಎರಡೂ ಮುಖ್ಯವೇ. ಆದರೆ ನಿರ್ಧಾರ ನಿಲ್ಲಬೇಕಾದದ್ದು ಆ ಪಟ್ಟಿಯಲ್ಲಿ ಇಲ್ಲದ ಮೂರನೆಯ ಕಾಲಂ ಮೇಲೆ: ನಾಳೆ ನೀವು ಹಾರಿಸುವ ಹೆಲಿಕಾಪ್ಟರಿನ ಮೈಮೇಲೆ ಯಾವ ದೇಶದ ನೋಂದಣಿ ಅಕ್ಷರ ಇರುತ್ತದೆ? ಭಾರತದ್ದು ವಿಟಿ, ಅಮೆರಿಕದ್ದು ಎನ್, ಬ್ರಿಟನ್ನಿನದು ಜಿ. ಲೈಸೆನ್ಸ್ ಎಂಬುದು ಎಲ್ಲಿ ತೋರಿಸಿದರೂ ಸಲ್ಲುವ ಪದವಿ ಪ್ರಮಾಣಪತ್ರವಲ್ಲ. ಅದು ಒಂದು ಸರ್ಕಾರ ತನ್ನಲ್ಲಿ ನೋಂದಣಿಯಾದ ಯಂತ್ರವನ್ನು ಹಾರಿಸಲು ನಿಮಗೆ ಕೊಟ್ಟ ಅನುಮತಿ. ಇನ್ನೊಂದು ದೇಶದ ಯಂತ್ರಕ್ಕೆ ಆ ದೇಶದ ಒಪ್ಪಿಗೆ ಬೇರೆಯಾಗಿಯೇ ಬೇಕು.

ಎಲ್ಲ ದೇಶಗಳ ನಿಯಮಗಳಿಗೂ ಬುನಾದಿ ಒಂದೇ. 1944ರ ಡಿಸೆಂಬರಿನಲ್ಲಿ ಶಿಕಾಗೊದಲ್ಲಿ ಸಹಿಯಾದ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ತನ್ನ 1ನೇ ಅನುಬಂಧದಲ್ಲಿ ಲೈಸೆನ್ಸಿನ ಕನಿಷ್ಠ ಮಟ್ಟವನ್ನು ಹೇಳುತ್ತದೆ. ಹೆಲಿಕಾಪ್ಟರ್ ವಾಣಿಜ್ಯ ಲೈಸೆನ್ಸಿಗೆ 150 ಗಂಟೆ, ಮಾನ್ಯತೆ ಪಡೆದ ಸಂಸ್ಥೆಯ ಕ್ರಮಬದ್ಧ ತರಬೇತಿಯಾದರೆ 100 ಗಂಟೆ. ಇದಕ್ಕಿಂತ ಬಿಗಿ ಮಾಡುವ ಸ್ವಾತಂತ್ರ್ಯ ಪ್ರತಿ ದೇಶಕ್ಕೂ ಇದೆ. ಬೇರೆಯಾಗಿ ನಡೆಯುವುದಾದರೆ ಅದನ್ನು ಐಕಾವೊಗೆ ತಿಳಿಸಬೇಕು, ಅಷ್ಟೆ. ಆದ್ದರಿಂದ ಗಂಟೆಗಳ ಲೆಕ್ಕದಲ್ಲಿ ದೇಶದೇಶಗಳ ನಡುವಿನ ಅಂತರ ಹೊರಗಿನಿಂದ ಕಾಣುವಷ್ಟು ದೊಡ್ಡದಲ್ಲ. ನಿಜವಾದ ಅಂತರ ಇರುವುದು ಪ್ರತಿ ನಿಯಂತ್ರಕ ಸಂಸ್ಥೆ ಯಾರನ್ನು ನಂಬುತ್ತದೆ ಎಂಬುದರಲ್ಲಿ. ಅಮೆರಿಕ ಪೈಲಟ್‌ನ ವಿವೇಚನೆಯನ್ನು ನಂಬುತ್ತದೆ, ಯುರೋಪ್ ಯಂತ್ರದ ಸಾಮರ್ಥ್ಯವನ್ನೂ ಬರೆದಿಟ್ಟ ಕ್ರಮವನ್ನೂ ನಂಬುತ್ತದೆ, ಭಾರತ ಅನುಮತಿ ಪತ್ರವನ್ನು ನಂಬುತ್ತದೆ.

ಅಮೆರಿಕದಿಂದ ಆರಂಭಿಸೋಣ, ಏಕೆಂದರೆ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಎಎ. ಅದರ ನಿಯಮಾವಳಿಯ 61ನೇ ಭಾಗದ ಪ್ರಕಾರ 17 ವರ್ಷ ತುಂಬಿದವರು 40 ಗಂಟೆಗಳ ಹಾರಾಟದಿಂದ ಖಾಸಗಿ ಲೈಸೆನ್ಸ್ ಪಡೆಯಬಹುದು. ಅದರಲ್ಲಿ 20 ಗಂಟೆ ಬೋಧಕರೊಂದಿಗೆ, 10 ಗಂಟೆ ಒಬ್ಬರೇ. ವಾಣಿಜ್ಯ ಲೈಸೆನ್ಸಿಗೆ 18 ವರ್ಷ, 150 ಗಂಟೆ. ಈ 150ರಲ್ಲಿ ಹೆಲಿಕಾಪ್ಟರಿನಲ್ಲೇ ಕಳೆಯಬೇಕಾದದ್ದು ಕನಿಷ್ಠ 50 ಗಂಟೆ ಮಾತ್ರ ಎಂಬುದನ್ನು ಈಗಾಗಲೇ ವಿಮಾನ ಹಾರಿಸುವವರು ಗಮನಿಸಬೇಕು. ಲಿಖಿತ ಪರೀಕ್ಷೆ ಒಂದೇ, 100 ಪ್ರಶ್ನೆ, 70 ಅಂಕ ಬಂದರೆ ಸಾಕು. ರಾತ್ರಿ ಹಾರಾಟದ ಮೂರು ಗಂಟೆಯ ತರಬೇತಿ ಖಾಸಗಿ ಲೈಸೆನ್ಸಿನೊಳಗೇ ಸೇರಿರುತ್ತದೆ. 12,500 ಪೌಂಡ್, ಅಂದರೆ ಸುಮಾರು 5,670 ಕಿಲೊ ತೂಕದವರೆಗಿನ ಹೆಲಿಕಾಪ್ಟರುಗಳಿಗೆ ಮಾದರಿವಾರು ಪ್ರತ್ಯೇಕ ರೇಟಿಂಗ್, ಅಂದರೆ ಲೈಸೆನ್ಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಅರ್ಹತೆ, ಬೇಡ. ಲೈಸೆನ್ಸಿಗೆ ಅವಧಿ ಮುಗಿಯುವ ದಿನಾಂಕವೇ ಇಲ್ಲ. 24 ತಿಂಗಳಿಗೊಮ್ಮೆ ಬೋಧಕರ ಜೊತೆ ಒಂದು ಪರಿಶೀಲನಾ ಹಾರಾಟ ಮಾಡಬೇಕು.

ಇಷ್ಟು ಸಡಿಲವಾಗಿ ಕಾಣುವ ಚೌಕಟ್ಟಿನಲ್ಲಿ ಒಂದು ಕಂಪನಿಯ ಯಂತ್ರಗಳಿಗೆ ಮಾತ್ರ ಹೆಸರು ಹಿಡಿದು ಬಿಗಿ ಮಾಡಿದ್ದಾರೆ, ಅದನ್ನು ಸ್ವಲ್ಪ ನಿಂತು ನೋಡಬೇಕು. ಜಗತ್ತಿನಾದ್ಯಂತ ಕಲಿಕೆಗೆ ಅತಿ ಹೆಚ್ಚು ಬಳಕೆಯಲ್ಲಿರುವುದು ರಾಬಿನ್ಸನ್ ಕಂಪನಿಯ ಎರಡು ಸೀಟಿನ ಆರ್22. ತಲೆಯ ಮೇಲೆ ತಿರುಗುವ ಅದರ ರೋಟರಿನ ಎರಡು ರೆಕ್ಕೆಗಳು ಹಗುರ; ಎಂಜಿನ್ ನಿಂತರೆ ರೋಟರಿನ ವೇಗ ಕಣ್ಣೆದುರೇ ಕುಸಿಯುತ್ತದೆ. ಶೇಕಡಾ 97ಕ್ಕೆ ಇಳಿದಾಗ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆಯ ಹಾರ್ನ್ ಕೂಗುತ್ತದೆ. ಆ ಕ್ಷಣದಿಂದ ರೆಕ್ಕೆಗಳ ಓರೆಯನ್ನು ಒಟ್ಟಿಗೆ ಬದಲಿಸುವ ಎಡಗೈಯ ಕಲೆಕ್ಟಿವ್ ಹಿಡಿಕೆಯನ್ನು ಕೆಳಗೊತ್ತಲು ಇರುವ ಕಾಲ ಒಂದೆರಡು ಸೆಕೆಂಡು. ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಯಂತ್ರವನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಬಾಗಿಸುವ ಸೈಕ್ಲಿಕ್ ಕೋಲನ್ನು ಥಟ್ಟನೆ ಮುಂದಕ್ಕೆ ದೂಡಿದರೆ ರೋಟರಿನ ಮೇಲಿನ ಭಾರ ಕಳಚಿ ಯಂತ್ರ ಬಲಕ್ಕೆ ಉರುಳತೊಡಗುತ್ತದೆ. ಕೈ ತಾನಾಗಿ ಕೋಲನ್ನು ಎಡಕ್ಕೆ ಎಳೆಯುತ್ತದೆ. ಆಗ ರೋಟರಿನ ಬುಡ ಮಧ್ಯದ ಕಂಬಕ್ಕೆ ಬಡಿದು ಕಂಬವೇ ತುಂಡಾಗಬಹುದು. ಮಾಡಬೇಕಾದದ್ದು ಕೋಲನ್ನು ಮೊದಲು ಮೆಲ್ಲಗೆ ಹಿಂದಕ್ಕೆ ತಂದು ರೋಟರಿಗೆ ಭಾರ ಮರಳಿಸುವುದು, ಆಮೇಲೆ ಓರೆಯನ್ನು ಸರಿಪಡಿಸುವುದು. ಕೈಯ ಸಹಜ ಬುದ್ಧಿಗೆ ವಿರುದ್ಧವಾದ ಈ ಪಾಠವನ್ನು ಬಾಯಿಮಾತಿಗೆ ಬಿಡಬಾರದೆಂದು ಎಫ್‌ಎಎ 1995ರಲ್ಲಿ ಆರ್22 ಮತ್ತು ಅದೇ ಕಂಪನಿಯ ಆರ್44ಗಳಿಗಾಗಿಯೇ ವಿಶೇಷ ನಿಯಮ ತಂದಿತು. ಆರ್22ರಲ್ಲಿ ವಿದ್ಯಾರ್ಥಿ ಒಬ್ಬನೇ ಹಾರುವ ಮೊದಲು 20 ಗಂಟೆ ಬೋಧಕರೊಂದಿಗೆ ಹಾರಿರಬೇಕು ಎಂಬುದು ಅದರ ಒಂದು ಷರತ್ತು. ಅಮೆರಿಕದ ರೀತಿ ಅರ್ಥವಾಗಬೇಕಾದರೆ ಈ ಒಂದು ನಿಯಮವೇ ಸಾಕು: ಬಾಗಿಲು ಅಗಲವಾಗಿ ತೆರೆದಿರುತ್ತದೆ, ಎಡವಿ ಬಿದ್ದ ಜಾಗದಲ್ಲಿ ಮಾತ್ರ ಆಮೇಲೆ ಬೇಲಿ ಬರುತ್ತದೆ.

ಅಮೆರಿಕದಲ್ಲಿ ಕೆಲಸ ಹಿಡಿಯುವವರು ತಿಳಿದಿರಬೇಕಾದ ಇನ್ನೊಂದು ಸಂಗತಿ, ಒಂದೇ ಹೆಲಿಕಾಪ್ಟರ್ ಒಂದೇ ಜಾಗದ ಮೇಲೆ ಬೇರೆ ಬೇರೆ ನಿಯಮಗಳಡಿ ಹಾರಬಹುದು ಎಂಬುದು. ಬಾಡಿಗೆ ಪ್ರಯಾಣಕ್ಕೆ 135ನೇ ಭಾಗ, ಸಾಮಾನ್ಯ ಹಾರಾಟಕ್ಕೆ ಅದಕ್ಕಿಂತ ಸಡಿಲವಾದ 91ನೇ ಭಾಗ. 2018ರ ಮಾರ್ಚ್ 11ರಂದು ನ್ಯೂಯಾರ್ಕಿನ ಈಸ್ಟ್ ರಿವರ್‌ಗೆ ಬಿದ್ದ, ಬಾಗಿಲು ತೆಗೆದು ಹಾರುತ್ತಿದ್ದ ಹೆಲಿಕಾಪ್ಟರಿನಲ್ಲಿ ಐವರು ಪ್ರಯಾಣಿಕರು ಮೈಗೆ ಕಟ್ಟಿದ್ದ ಸುರಕ್ಷಾ ಪಟ್ಟಿ ಬಿಡಿಸಿಕೊಳ್ಳಲಾಗದೆ ಮುಳುಗಿ ಸತ್ತರು. ಹಣ ಕೊಟ್ಟು ಹತ್ತಿದವರ ಆ ಹಾರಾಟ ನಡೆದದ್ದು ವೈಮಾನಿಕ ಛಾಯಾಗ್ರಹಣದ ವಿನಾಯಿತಿಯಡಿ. ಕೆಲಸಕ್ಕೆ ಸೇರುವಾಗ ಸಂಬಳದ ಜೊತೆಗೆ ‘ಇದು ಯಾವ ಭಾಗದಡಿಯ ಹಾರಾಟ’ ಎಂದು ಕೇಳುವವನೇ ಅಲ್ಲಿ ಜಾಣ.

ಭಾರತೀಯ ವಿದ್ಯಾರ್ಥಿಗೆ ಅಮೆರಿಕದ ನಿಜವಾದ ತೊಡಕು ನಿಯಮದಲ್ಲಿಲ್ಲ, ವೀಸಾದಲ್ಲಿದೆ. ಅಲ್ಲಿ 150 ಗಂಟೆಯ ಹೊಸ ಪೈಲಟ್ ಸಾಮಾನ್ಯವಾಗಿ ಮೊದಲು ಬೋಧಕನಾಗಿ, ಇತರರಿಗೆ ಕಲಿಸುತ್ತಲೇ ಸಾವಿರ ಗಂಟೆಯ ಆಸುಪಾಸಿಗೆ ತಲುಪಿ, ಅನಂತರ ಪ್ರವಾಸಿ ಹಾರಾಟಕ್ಕೋ ಬೇರೆ ಕೆಲಸಕ್ಕೋ ಹೋಗುತ್ತಾನೆ. ವೃತ್ತಿ ತರಬೇತಿಗೆ ಕೊಡುವ ಎಂ-1 ವೀಸಾದಲ್ಲಿ ನಾಲ್ಕು ತಿಂಗಳ ಕಲಿಕೆಗೆ ಒಂದು ತಿಂಗಳಂತೆ ಹೆಚ್ಚೆಂದರೆ ಆರು ತಿಂಗಳ ಪ್ರಾಯೋಗಿಕ ಕೆಲಸಕ್ಕೆ ಅವಕಾಶ. ಏಣಿಯ ಮೊದಲ ಮೆಟ್ಟಿಲೇ ಕಾಲಿಗೆ ಸಿಗದಿದ್ದರೆ ಲೈಸೆನ್ಸ್ ಕೈಯಲ್ಲಿದ್ದೂ 200 ಗಂಟೆಯಲ್ಲೇ ಊರಿಗೆ ಮರಳಬೇಕಾಗುತ್ತದೆ. ತರಬೇತಿ ಶಾಲೆಗಳ ಜಾಹೀರಾತಿನಲ್ಲಿ ಈ ಸಾಲು ದಪ್ಪ ಅಕ್ಷರದಲ್ಲಿ ಇರುವುದಿಲ್ಲ.

ಯುರೋಪಿನ ವ್ಯವಸ್ಥೆ ಇದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ. ಜರ್ಮನಿಯ ಕಲೋನ್‌ನಲ್ಲಿ ಕೇಂದ್ರ ಕಚೇರಿ ಇರುವ ಐರೋಪ್ಯ ವಾಯುಯಾನ ಸುರಕ್ಷತಾ ಸಂಸ್ಥೆ, ಅಂದರೆ ಇಯಾಸಾದ ನಿಯಮಗಳು ಐರೋಪ್ಯ ಒಕ್ಕೂಟದ 27 ದೇಶಗಳಿಗೂ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್‌ಗಳಿಗೂ ಅನ್ವಯ. ಖಾಸಗಿ ಲೈಸೆನ್ಸಿಗೆ 45 ಗಂಟೆ. ವಾಣಿಜ್ಯ ಲೈಸೆನ್ಸಿಗೆ ಒಂದೇ ಸಂಸ್ಥೆಯಲ್ಲಿ ಆರಂಭದಿಂದ ಕೊನೆಯವರೆಗೆ ಕಲಿತರೆ 135 ಗಂಟೆ, ಹಂತಹಂತವಾಗಿ ಕಲಿತರೆ 185. ಸಿದ್ಧಾಂತದಲ್ಲಿ 13 ವಿಷಯ, ಪ್ರತಿ ವಿಷಯದಲ್ಲೂ ಶೇಕಡಾ 75 ಅಂಕ. ಲೈಸೆನ್ಸ್ ಸಿಕ್ಕರೂ ಹಾರಿಸುವ ಪ್ರತಿ ಮಾದರಿಗೆ ಪ್ರತ್ಯೇಕ ರೇಟಿಂಗ್ ಬೇಕು. ಆರ್22 ಬಲ್ಲವರಿಗೂ ಆರ್44 ಬೇರೆಯೇ ಮಾದರಿ. ರೇಟಿಂಗ್ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಪರೀಕ್ಷಾ ಹಾರಾಟದಿಂದ ನವೀಕರಣವಾಗಬೇಕು. ಖಾಸಗಿ ಪೈಲಟ್ ರಾತ್ರಿ ಹಾರಬೇಕೆಂದರೆ ಅದಕ್ಕೂ ಇನ್ನೊಂದು ರೇಟಿಂಗ್. ಅಮೆರಿಕದಲ್ಲಿ ಒಮ್ಮೆ ಖರ್ಚು ಮಾಡಿ ಮುಗಿಸಬಹುದಾದದ್ದು ಇಲ್ಲಿ ವರ್ಷವರ್ಷವೂ ತೆರುವ ಕಂತಿನಂತೆ.

ಈ ಕಂತಿಗೆ ಪ್ರತಿಯಾಗಿ ಸಿಗುವುದು ಹಾರಾಟದ ನಿಯಮಗಳಲ್ಲಿ ಕಾಣುತ್ತದೆ. ಐಕಾವೊದ 6ನೇ ಅನುಬಂಧದಲ್ಲಿರುವ ಕಾರ್ಯಕ್ಷಮತೆಯ ಮೂರು ವರ್ಗಗಳನ್ನು ಯುರೋಪ್ ಗಂಭೀರವಾಗಿ ಕಾನೂನಾಗಿಸಿದೆ. ಒಂದನೇ ವರ್ಗದಲ್ಲಿ ಹಾರುವ ಹೆಲಿಕಾಪ್ಟರಿನ ಒಂದು ಎಂಜಿನ್ ಯಾವ ಕ್ಷಣದಲ್ಲಿ ಕೆಟ್ಟರೂ ಅದು ಹೊರಟ ಜಾಗದಲ್ಲೇ ಸುರಕ್ಷಿತವಾಗಿ ಇಳಿಯಲು ಅಥವಾ ಹಾರಾಟ ಮುಂದುವರಿಸಲು ಶಕ್ತವಾಗಿರಬೇಕು. ಎರಡನೇ ವರ್ಗದಲ್ಲಿ ಏರುವ ಆರಂಭದ ಮತ್ತು ಇಳಿಯುವ ಕೊನೆಯ ಕೆಲವು ಕ್ಷಣಗಳಿಗೆ ರಿಯಾಯಿತಿ. ಮೂರನೆಯದರಲ್ಲಿ ಎಂಜಿನ್ ನಿಂತರೆ ಸಿಕ್ಕಲ್ಲಿ ಇಳಿಯುವುದೇ ಗತಿ. ಎಲ್ಲ ಒಂಟಿ ಎಂಜಿನ್ ಯಂತ್ರಗಳೂ ಇದೇ ವರ್ಗದವು. ತುರ್ತಾಗಿ ಇಳಿಯಲು ಬಯಲಿಲ್ಲದ ದಟ್ಟ ನಗರದ ಮೇಲೆ ಮೂರನೇ ವರ್ಗದಲ್ಲಿ ಬಾಡಿಗೆ ಪ್ರಯಾಣಿಕರನ್ನು ಒಯ್ಯಲು ಯುರೋಪ್ ಒಪ್ಪುವುದಿಲ್ಲ.

ಇದೇ ತರ್ಕ ಲಂಡನ್ನಿನಲ್ಲಿ ಕಣ್ಣಿಗೇ ಬೀಳುತ್ತದೆ. ನಗರದ ಮಧ್ಯಭಾಗದಲ್ಲಿ ಒಂಟಿ ಎಂಜಿನ್ ಹೆಲಿಕಾಪ್ಟರುಗಳು ಥೇಮ್ಸ್ ನದಿಯ ತಿರುವುಗಳನ್ನೇ ಹಿಡಿದು ಸಾಗಬೇಕು. ನದಿ ಬಿಟ್ಟು ಕಟ್ಟಡಗಳ ಮೇಲೆ ಹೋಗುವ ಅವಕಾಶ ಜೋಡಿ ಎಂಜಿನ್‌ನವಕ್ಕೆ ಮಾತ್ರ, ಅದೂ ನಿಯಂತ್ರಣ ಗೋಪುರದ ಅಪ್ಪಣೆಯಿಂದ. ನ್ಯೂಯಾರ್ಕಿನಲ್ಲಿ ಒಂಟಿ ಎಂಜಿನ್ ಯಂತ್ರಗಳೇ ಪ್ರವಾಸಿಗರನ್ನು ಸುತ್ತಾಡಿಸುತ್ತವೆ. 2025ರ ಏಪ್ರಿಲ್ 10ರಂದು ಹಡ್ಸನ್ ನದಿಗೆ ಬಿದ್ದು ಆರು ಜನರ ಸಾವಿಗೆ ಕಾರಣವಾದ ಬೆಲ್ 206 ಅಂಥದ್ದೊಂದು. ನಮ್ಮಲ್ಲೂ 2018ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಟ್ಯಾಕ್ಸಿ ಆರಂಭವಾದಾಗ ಬಳಸಿದ್ದು ಒಂಟಿ ಎಂಜಿನ್ನಿನ ಬೆಲ್ 407. ಒಂದೇ ಬಗೆಯ ಕೆಲಸಕ್ಕೆ ಎಲ್ಲ ಊರುಗಳಲ್ಲೂ ಒಂದೇ ಉತ್ತರವಿಲ್ಲ.

ಹಾಗೆಂದು ಎರಡು ಎಂಜಿನ್‌ಗಳಲ್ಲಿ ಇಡುವ ನಂಬಿಕೆಗೂ ಮಿತಿ ಬೇಕು. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರನ್ನು ಹೊತ್ತು ನಲ್ಲಮಲ ಕಾಡಿನಲ್ಲಿ ಬಿದ್ದದ್ದು ಜೋಡಿ ಎಂಜಿನ್ನಿನ ಬೆಲ್ 430. 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್ ಬೆಟ್ಟಕ್ಕೆ ಬಡಿದು ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ ಒಂಬತ್ತು ಜನ ಸತ್ತ ಸಿಕೋರ್ಸ್ಕಿ ಎಸ್-76 ಕೂಡ ಜೋಡಿ ಎಂಜಿನ್ನಿನದೇ. ಎರಡರಲ್ಲೂ ಅಡ್ಡ ಬಂದದ್ದು ಮೋಡ. ಕ್ಯಾಲಬಾಸಸ್‌ನ ಪ್ರಕರಣದಲ್ಲಿ ಒಂದು ವಿಚಿತ್ರವಿದೆ: ಪೈಲಟ್‌ಗೆ ಉಪಕರಣ ನೋಡಿ ಹಾರುವ ರೇಟಿಂಗ್ ಇತ್ತು, ಯಂತ್ರಕ್ಕೂ ಆ ಶಕ್ತಿ ಇತ್ತು, ಆದರೆ ಕಂಪನಿಗೆ ಸಿಕ್ಕಿದ್ದ ಪರವಾನಗಿ ಕಣ್ಣಿಗೆ ಕಾಣುವ ಹವೆಯಲ್ಲಿ ಮಾತ್ರ ಹಾರುವುದಕ್ಕೆ. ನೆಲ ಹತ್ತಿರವಾದಾಗ ಎಚ್ಚರಿಸುವ ಸಾಧನವನ್ನು 2014ರ ನಿಯಮ ಏರ್ ಆಂಬ್ಯುಲೆನ್ಸ್ ಹೆಲಿಕಾಪ್ಟರುಗಳಿಗೆ ಕಡ್ಡಾಯ ಮಾಡಿತ್ತು. ಬಾಡಿಗೆ ಪ್ರಯಾಣದ ಹೆಲಿಕಾಪ್ಟರುಗಳಿಗೆ ಮಾಡಿರಲಿಲ್ಲ, ಇದರಲ್ಲೂ ಅದು ಇರಲಿಲ್ಲ.

ಯುರೋಪ್ ಎಂದರೆ ಒಂದೇ ದನಿ ಎಂದೂ ತಿಳಿಯಬಾರದು. 2016ರ ಏಪ್ರಿಲ್ 29ರಂದು ನಾರ್ವೆಯ ಬರ್ಗನ್ ಬಳಿಯ ಟುರೋಯ್‌ನಲ್ಲಿ, ಸಮುದ್ರದ ತೈಲ ವೇದಿಕೆಯಿಂದ ಕೆಲಸಗಾರರನ್ನು ಕರೆತರುತ್ತಿದ್ದ ಏರ್‌ಬಸ್ ಎಚ್225ರ ಮುಖ್ಯ ರೋಟರೇ ಗಾಳಿಯಲ್ಲಿ ಕಳಚಿಹೋಯಿತು. 13 ಜನ ಸತ್ತರು. ಗೇರ್‌ಬಾಕ್ಸಿನ ಒಂದು ಗೇರಿನಲ್ಲಿ ಲೋಹ ದಣಿದು ಬಿರುಕು ಬಿಟ್ಟಿತ್ತು. ಇಯಾಸಾ ಅದೇ ವರ್ಷದ ಅಕ್ಟೋಬರಿನಲ್ಲಿ ಆ ಮಾದರಿಯ ಹಾರಾಟಕ್ಕೆ ಹಾಕಿದ್ದ ನಿಷೇಧವನ್ನು ಷರತ್ತುಗಳೊಂದಿಗೆ ತೆಗೆಯಿತು. ಆಗ ಇಯಾಸಾದೊಳಗೇ ಇದ್ದ ಬ್ರಿಟನ್ ಮತ್ತು ನಾರ್ವೆ ಒಪ್ಪದೆ, 2017ರ ಜುಲೈವರೆಗೆ ತಮ್ಮ ನಿಷೇಧ ಉಳಿಸಿಕೊಂಡವು. ಉತ್ತರ ಸಮುದ್ರದ ಮೇಲೆ ದಿನವೂ ಜನರನ್ನು ಕಳಿಸುವ ದೇಶಗಳು ಕಾಗದವನ್ನು ಬೇರೆ ಕಣ್ಣಿನಿಂದ ಓದಿದವು ಎಂದಷ್ಟೇ ಹೇಳಬಹುದು. ಬ್ರಿಟನ್ 2020ರ ಕೊನೆಗೆ ಇಯಾಸಾದಿಂದ ಹೊರಬಂದ ಮೇಲೆ ಅದರ ಲೈಸೆನ್ಸ್ ಸಂಪೂರ್ಣ ಬೇರೆ. ಲಂಡನ್ನಿನಲ್ಲಿ ಕಲಿತು ಫ್ರಾಂಕ್‌ಫರ್ಟಿನಲ್ಲಿ ಕೆಲಸ ಎಂಬ ಹಳೆಯ ಸಲಹೆ ಈಗ ನಡೆಯುವುದಿಲ್ಲ.

ಇನ್ನು ಭಾರತ. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದ್ದು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ನಿಯಂತ್ರಕ ಸಂಸ್ಥೆ ಡಿಜಿಸಿಎ. ವಾಣಿಜ್ಯ ಲೈಸೆನ್ಸಿಗೆ ಭೌತಶಾಸ್ತ್ರ ಮತ್ತು ಗಣಿತದೊಂದಿಗೆ ಹನ್ನೆರಡನೇ ತರಗತಿ ಅಥವಾ ಪಿಯುಸಿ ಮುಗಿಸಿರಬೇಕೆಂಬ ನಿಯಮದ ಮೇಲೆ ಬಹಳ ಮಂದಿಯ ಆಸೆ ಮುಗ್ಗರಿಸಿದೆ. ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಓದಿದವರು ಈ ಎರಡು ವಿಷಯಗಳನ್ನು ಮುಕ್ತ ಶಾಲೆಯ ಮೂಲಕ ಬರೆದು ಪಾಸಾಗುವ ದಾರಿ ಹಿಡಿಯುತ್ತಾರೆ. ಅಮೆರಿಕ, ಯುರೋಪ್‌ಗಳಲ್ಲಿ ಇಂಥ ಷರತ್ತಿಲ್ಲ. ಆದರೆ ಅಲ್ಲಿಯ ಲೈಸೆನ್ಸನ್ನು ಇಲ್ಲಿ ಬದಲಾಯಿಸಿಕೊಳ್ಳಲು ಬಂದಾಗ ಇದೇ ಷರತ್ತು ಬಾಗಿಲಲ್ಲಿ ಕಾದಿರುತ್ತದೆ. ಪರೀಕ್ಷೆಗಳಲ್ಲಿ ಶೇಕಡಾ 70 ಅಂಕ ಬೇಕು. ರೇಡಿಯೊ ಬಳಕೆಯ ಆರ್‌ಟಿಆರ್ ಪರೀಕ್ಷೆ ಮೊದಲು ದೂರಸಂಪರ್ಕ ಇಲಾಖೆಯದಾಗಿತ್ತು. ಹೊಸ ಕಾಯ್ದೆ ಅದರ ಅಧಿಕಾರವನ್ನು ಡಿಜಿಸಿಎಗೆ ಕೊಟ್ಟಿದೆ. ಹಾರಿಸುವ ಪ್ರತಿ ಮಾದರಿಯೂ ಲೈಸೆನ್ಸಿನಲ್ಲಿ ನಮೂದಾಗಬೇಕು. 2023ರ ತಿದ್ದುಪಡಿಯಿಂದ ವಾಣಿಜ್ಯ ಲೈಸೆನ್ಸಿನ ಅವಧಿ ಐದು ವರ್ಷದಿಂದ ಹತ್ತಕ್ಕೆ ಏರಿದೆ.

ನಮ್ಮ ವ್ಯವಸ್ಥೆಯ ಸ್ವಭಾವವನ್ನು ಪುಸ್ತಕಕ್ಕಿಂತ ಚುನಾವಣೆಯ ಕಾಲದ ತಾಲ್ಲೂಕು ಕೇಂದ್ರದಲ್ಲಿ ಚೆನ್ನಾಗಿ ನೋಡಬಹುದು. ಶಾಲೆಯ ಮೈದಾನದಲ್ಲಿ ಸುಣ್ಣದಿಂದ ವೃತ್ತ ಎಳೆದು ನಡುವೆ ದೊಡ್ಡದಾಗಿ ಎಚ್ ಬರೆದಿರುತ್ತಾರೆ. ಧೂಳೇಳದಂತೆ ಟ್ಯಾಂಕರ್ ನೀರು ಹಾಯಿಸಿರುತ್ತದೆ. ಒಂದು ಮೂಲೆಯಲ್ಲಿ ಗಾಳಿಯ ದಿಕ್ಕು ತೋರಿಸಲು ಹೊಗೆ, ಇನ್ನೊಂದರಲ್ಲಿ ಅಗ್ನಿಶಾಮಕ ವಾಹನ, ಸುತ್ತ ಪೊಲೀಸ್ ಬಂದೋಬಸ್ತು. ಇದರ ಹಿಂದೆ ಜಿಲ್ಲಾಡಳಿತದ ಅನುಮತಿ, ಲೋಕೋಪಯೋಗಿ ಇಲಾಖೆಯ ಓಡಾಟ, ಹಾರಾಟದ ಯೋಜನೆಗೆ ಒಪ್ಪಿಗೆ ಎಲ್ಲವೂ ನಡೆದಿರುತ್ತದೆ. ಭಾಷಣದ ನಡುವೆ ನಾಯಕರು ಆಕಾಶ ನೋಡಿ ಮಾತು ಮೊಟಕು ಮಾಡುವುದೂ ನಿಯಮದಿಂದಲೇ: ಕಣ್ಣಿಗೆ ಕಾಣುವ ಹವೆಯನ್ನು ನಂಬಿದ ಹಾರಾಟಕ್ಕೆ ಭಾರತದಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ವಾಯು ಸಂಚಾರ ನಿಯಂತ್ರಣ ವಿನಾಯಿತಿ ಕೊಟ್ಟ ಸ್ಥಳೀಯ ಹಾರಾಟಗಳನ್ನು ಬಿಟ್ಟರೆ, ಸಾಮಾನ್ಯವಾಗಿ ಅವಕಾಶವಿಲ್ಲ. ಅಮೆರಿಕದಲ್ಲಿ ಹೊಲದ ಒಡೆಯ ಒಪ್ಪಿದರೆ, ಸ್ಥಳೀಯ ಕಾನೂನು ಅಡ್ಡ ಬಾರದಿದ್ದರೆ, ರಾತ್ರಿಯೂ ಆ ಹೊಲದಲ್ಲಿ ಇಳಿಯಬಹುದು. ಬ್ರಿಟನ್ನಿನಲ್ಲಿ ಒಡೆಯನ ಒಪ್ಪಿಗೆಯಿಂದ ಒಂದು ಜಾಗವನ್ನು ವರ್ಷಕ್ಕೆ 28 ದಿನ ಯೋಜನಾ ಅನುಮತಿಯಿಲ್ಲದೆ ಬಳಸಬಹುದು. ಜಪಾನಿನಲ್ಲಿ ವಿಮಾನ ನಿಲ್ದಾಣ ಬಿಟ್ಟು ಬೇರೆಲ್ಲಿ ಇಳಿದರೂ ನಾಗರಿಕ ವಿಮಾನಯಾನ ಕಾಯ್ದೆಯ 79ನೇ ವಿಧಿಯಡಿ ಅನುಮತಿ ಬೇಕು. ಆ ವಿಷಯದಲ್ಲಿ ಜಪಾನ್ ನಮಗೆ ಹತ್ತಿರ.

ಬೆಟ್ಟದ ಹಾರಾಟದಲ್ಲಿ ಈ ಭೇದ ಪ್ರಾಣದ ಪ್ರಶ್ನೆಯಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1,100 ಮೀಟರಿಗಿಂತ ಎತ್ತರದಲ್ಲಿ ಪ್ರವಾಸಿಗರನ್ನು ಇಳಿಸಲು ಗೊತ್ತುಮಾಡಿದ ಪರ್ವತ ತಾಣಗಳೇ ಆಗಬೇಕು, ಅವುಗಳ ಸಂಖ್ಯೆ 40 ಮೀರಬಾರದು. ಫ್ರಾನ್ಸ್ 1985ರ ಪರ್ವತ ಕಾನೂನಿನಿಂದ ಮೋಜಿಗಾಗಿ ಬೆಟ್ಟದ ಮೇಲೆ ಇಳಿಸುವುದನ್ನೇ ನಿಷೇಧಿಸಿತು. ನೇಪಾಳ 2023ರ ಜುಲೈಯಲ್ಲಿ ಸೋಲುಖುಂಬು ಜಿಲ್ಲೆಯಲ್ಲಿ ಆರು ಜನ ಸತ್ತ ಅಪಘಾತದ ನಂತರ, ಪರ್ವತ ವೀಕ್ಷಣೆ, ತೂಗುಭಾರ ಸಾಗಣೆ, ಆಕಾಶದಿಂದ ಹೂ ಸುರಿಸುವುದು ಮುಂತಾದ ‘ಅನಿವಾರ್ಯವಲ್ಲದ’ ಹಾರಾಟಗಳನ್ನು ಮಳೆಗಾಲ ಮುಗಿಯುವವರೆಗೆ ನಿಲ್ಲಿಸಿತು. ನಮ್ಮ ಕೇದಾರನಾಥದಲ್ಲಿ 2025ರ ಜೂನ್ 15ರ ಬೆಳಗಿನ ಜಾವ ಬೆಲ್ 407 ಬಿದ್ದು ಏಳು ಜನ ಸತ್ತಾಗ ಸೇವೆಯನ್ನು ಎರಡು ದಿನ ನಿಲ್ಲಿಸಿದರು. ಕಣಿವೆಯ ಮೋಡ ನಿಮಿಷಗಳಲ್ಲಿ ಮುಚ್ಚುವ ಆ ದಾರಿಯಲ್ಲಿ ಎರಡು ದಿನದ ವಿರಾಮ ನಿಯಮವಲ್ಲ, ಸೂತಕ. ಹಿಮಾಲಯದಲ್ಲಿ ಕೆಲಸ ಹುಡುಕುವ ಕಿರಿಯ ಪೈಲಟ್ ಇದನ್ನು ಸ್ಪಷ್ಟವಾಗಿ ತಿಳಿದೇ ಹೋಗಬೇಕು.

ಹಾಗಾದರೆ ಆಯ್ಕೆ ಯಾವುದು? ಹವ್ಯಾಸಕ್ಕೆ ಕಲಿಯುವವರಿಗೆ, ಅಮೆರಿಕದಲ್ಲಿ ಈಗಾಗಲೇ ನೆಲೆಸಿರುವ ಕನ್ನಡಿಗರಿಗೂ, ಎಫ್‌ಎಎ ದಾರಿಯೇ ಸರಿ. ಅದಕ್ಕಿಂತ ಸರಳವಾದದ್ದು ಇಲ್ಲಿ ಹೇಳಿದವುಗಳಲ್ಲಿ ಇಲ್ಲ. ಯುರೋಪಿನಲ್ಲಿ ವಾಸಿಸುವ ಮತ್ತು ದುಡಿಯುವ ಹಕ್ಕು ಇರುವವರು ದುಬಾರಿಯಾದರೂ ಇಯಾಸಾ ಲೈಸೆನ್ಸನ್ನೇ ಮಾಡಿಕೊಳ್ಳಲಿ, ಏಕೆಂದರೆ ಅಮೆರಿಕದಿಂದ ಅಲ್ಲಿಗೆ ಬರುವವರು ಆ ಸಿದ್ಧಾಂತ ಪರೀಕ್ಷೆಗಳನ್ನು ಮತ್ತೆ ಎದುರಿಸಬೇಕಾಗುತ್ತದೆ. ಆಸ್ಟ್ರೇಲಿಯಾ ಹೇಳತಕ್ಕದ್ದಾಗುವುದು ಒಂದೇ ಕಾರಣಕ್ಕೆ: ಹೆಲಿಕಾಪ್ಟರಿನಿಂದ ದನ ಅಟ್ಟುವ ಕೆಲಸಕ್ಕೆ ಅಲ್ಲಿ ಲೈಸೆನ್ಸಿನಲ್ಲೇ ಪ್ರತ್ಯೇಕ ಅನುಮೋದನೆ ಇದೆ, ಕೆಳಮಟ್ಟದ ಹಾರಾಟಕ್ಕೂ ಬೇರೆ ರೇಟಿಂಗ್ ಇದೆ. ಆ ಕೆಲಸ ಬೇಡದವರು ಅಷ್ಟು ದೂರ ಹೋಗುವ ಅಗತ್ಯ ಕಾಣೆ.

ಭಾರತದಲ್ಲೇ ದುಡಿಯಬೇಕೆನ್ನುವವರ ಲೆಕ್ಕ ಹೆಚ್ಚು ಕಠಿಣ. ಇಲ್ಲಿ ನಾಗರಿಕ ಹೆಲಿಕಾಪ್ಟರ್ ಪೈಲಟ್‌ಗಳಲ್ಲಿ ಬಹುಪಾಲು ಸೇನಾ ಸೇವೆಯಿಂದ ಬಂದವರು, ಸಾವಿರಾರು ಗಂಟೆ ಹಾರಿದವರು. ಅವರ ಪಕ್ಕದಲ್ಲಿ 150 ಗಂಟೆಯ ಹೊಸಬನಿಗೆ ಸಹಪೈಲಟ್ ಸೀಟು ಸಿಗುವುದೇ ಕಷ್ಟ. ಹೆಲಿಕಾಪ್ಟರ್ ತರಬೇತಿ ಕೊಡುವ ಸಂಸ್ಥೆಗಳೂ ಕೆಲವೇ. ಬೆಂಗಳೂರಿನಲ್ಲಿ ಎಚ್‌ಎಎಲ್‌ನ ರೋಟರಿ ವಿಂಗ್ ಅಕಾಡೆಮಿ ಇದೆ. ಜಕ್ಕೂರಿನ ಸರ್ಕಾರಿ ಶಾಲೆಯನ್ನು ಇದರೊಂದಿಗೆ ಬೆರೆಸಬೇಡಿ, ಅದು ಕಲಿಸುವುದು ವಿಮಾನವನ್ನು. ಹೊರದೇಶದಲ್ಲಿ ಕಲಿತು ಬರುವುದಾದರೆ ಡಿಜಿಸಿಎ ಕೇಳುವ ವಾಯುಯಾನ ನಿಯಮ, ದಿಕ್ಕುಗಾಣಿಕೆ, ಹವಾಮಾನ ಪರೀಕ್ಷೆಗಳನ್ನೂ ಆರ್‌ಟಿಆರ್ ಅನ್ನೂ ಹೊರಡುವ ಮುನ್ನವೇ ಮುಗಿಸಿಕೊಳ್ಳುವುದು ಒಳ್ಳೆಯದು. ಹಾರಾಟ ಕಲಿತು ಬಂದ ಮೇಲೆ ಪುಸ್ತಕ ಹಿಡಿದು ಕೂರುವಷ್ಟರಲ್ಲಿ ಕೈಯ ಹದ ತಪ್ಪುತ್ತದೆ, ಅದನ್ನು ಮರಳಿ ತರಲು ಮತ್ತೆ ಗಂಟೆಗಳನ್ನು ಕೊಳ್ಳಬೇಕು.

ಇವೆಲ್ಲಕ್ಕಿಂತ ಮೊದಲು ವೈದ್ಯಕೀಯ ಪರೀಕ್ಷೆ. ಅಮೆರಿಕದಲ್ಲಿ ವಾಣಿಜ್ಯ ಪೈಲಟ್‌ಗೆ ಎರಡನೇ ದರ್ಜೆಯ ಪ್ರಮಾಣಪತ್ರ ಸಾಕು. ಭಾರತದಲ್ಲಿ ಮೊದಲು ಎರಡನೇ ದರ್ಜೆ ಪಾಸಾಗಿ ಅನಂತರ ಒಂದನೇ ದರ್ಜೆಯದನ್ನು ಪಡೆಯಲೇಬೇಕು. ಅದನ್ನು ಮಾಡುವ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ಬಣ್ಣ ಗುರುತಿಸುವ ಕಣ್ಣಿನ ಶಕ್ತಿ, ಕಿವಿ, ಹೃದಯದ ಇಸಿಜಿ, ರಕ್ತ, ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಅಮೆರಿಕದ ಶಾಲೆಗೆ ಮೊದಲ ಕಂತು ಕಟ್ಟಿದ ಮೇಲೆ ಬಣ್ಣದ ಚುಕ್ಕೆಗಳ ಪುಸ್ತಕದ ಮುಂದೆ ಕೂರುವುದಕ್ಕಿಂತ, ಕಟ್ಟುವ ಮೊದಲೇ ಕುಳಿತು ಬರುವುದು ಮೇಲು.